ಶಾಲೆಗೆ ಬಾರದ ಮಗುವಿಗೆ ಮೈಗಳ್ಳ ಎನ್ನುವ ಮುನ್ನ



ದಸರಾ ರಜೆ ಮುಗಿದು ಪ್ರಸಾದ ನಿಲಯಗಳು ಮತ್ತೆ ತುಂಬುವಾಗ ಎರಡು-ಮೂರು ಮಕ್ಕಳು ಊರಿನಿಂದ ಮರಳಿರುವುದಿಲ್ಲ. 'ಹೊಟ್ಟೆನೋವಂತೆ' ಎಂದು ತಂದೆ ಫೋನ್ ಮಾಡುತ್ತಾರೆ. ವಾರ ಕಳೆದರೂ ಅದೇ ಮಾತು. ಶಾಲೆಯವರು 'ಮೈಗಳ್ಳ' ಎನ್ನುತ್ತಾರೆ. ಊರಲ್ಲಿ ಯಾರೋ 'ದೃಷ್ಟಿಯಾಗಿದೆ, ತಾಯತ ಕಟ್ಟಿಸಿ' ಎನ್ನುತ್ತಾರೆ. ಮಠಗಳ ಶಾಲೆಗಳಿಗೆ ಹೋದಾಗಲೆಲ್ಲ ನಾನು ಈ ಎರಡು ಮಾತುಗಳನ್ನೂ ಕೇಳಿದ್ದೇನೆ. ಎರಡೂ ಮಗುವನ್ನು ವಿಚಾರಿಸದೆ ಆಡಿದ ಮಾತುಗಳು.

ಶಾಲೆಗೆ ಚಕ್ಕರ್ ಹೊಡೆಯುವ ಹುಡುಗ ಕೆರೆ ಏರಿಯ ಮೇಲೋ ಕ್ರಿಕೆಟ್ ಬಯಲಿನಲ್ಲೋ ಸಿಗುತ್ತಾನೆ. ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಅಂಜಿಕೆಯಿಂದ ಬಾರದ ಮಗು ಮನೆಯಲ್ಲೇ, ತಾಯಿಯ ಕಣ್ಣೆದುರಿಗೇ ಇರುತ್ತದೆ. ಬೆಳಿಗ್ಗೆ ಹೊಟ್ಟೆನೋವು, ವಾಕರಿಕೆ, ಎದೆ ಡವಡವ. ಶಾಲೆಯ ಹೊತ್ತು ಮೀರಿದ ಮೇಲೆ ನಿರಾಳ. ಭಾನುವಾರ ಏನೂ ಇಲ್ಲ. ಇದನ್ನು ನಟನೆ ಎನ್ನಬೇಡಿ, ಆ ನೋವು ನಿಜವಾದದ್ದು. ಮನೆಯಲ್ಲಿ ಉಳಿದರೆ ಆ ಕ್ಷಣಕ್ಕೆ ಸಮಾಧಾನ ಸಿಗುತ್ತದೆ, ಆದರೆ ಮಾರನೆಯ ದಿನ ಹೊರಡುವುದು ಇನ್ನೂ ಕಷ್ಟವಾಗುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಕಾಯುವುದು ಸಲ್ಲ. ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಬೇಕೆಂದು ನೋಟಿಸು ಕಳಿಸಿದರೂ ಅಂಜಿಕೆ ಕಡಿಮೆಯಾಗದು.

ಮೊದಲ ಕೆಲಸ ಶಾಲೆಯದೇ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಎಂಟನೇ ತರಗತಿಯ ಇಂಗ್ಲಿಷ್ ಮಾಧ್ಯಮದಲ್ಲಿ ಕುಳಿತ ಮಗುವಿಗೆ, ಎದ್ದುನಿಂತು ಗಟ್ಟಿಯಾಗಿ ಓದುವ ಪಾಳಿಯೇ ಭಯವಾಗಿರಬಹುದು. ನಿಲಯದಲ್ಲಿ ದೊಡ್ಡ ಹುಡುಗರ ಕಾಟವಿರಬಹುದು, ಶಿಕ್ಷಕರೊಬ್ಬರ ಬೆತ್ತವೂ ಇರಬಹುದು. (ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿರುವುದು ನಮ್ಮ ಕೆಲವು ಶಾಲೆಗಳಿಗೆ ಇನ್ನೂ ತಲುಪಿದಂತಿಲ್ಲ.) ಕಾರಣ ನಮ್ಮಲ್ಲೇ ಇರುವಾಗ ಅದನ್ನು ತೆಗೆಯದೆ ಮಗುವನ್ನು ವೈದ್ಯರ ಬಳಿ ಕಳಿಸುವುದು ಅನ್ಯಾಯ. ಮಗು ನೆಚ್ಚಿದ ಶಿಕ್ಷಕರೊಬ್ಬರು ಮನೆಗೆ ಹೋಗಿ ಮಾತಾಡಲಿ. ಮೊದಲು ಅರ್ಧ ದಿನ, ಬರಬರುತ್ತಾ ಪೂರ್ತಿ ದಿನ ಮಗು ತರಗತಿಯಲ್ಲಿ ಕೂರಲಿ.

ಎರಡು-ಮೂರು ವಾರ ಹೀಗೆ ಪ್ರಯತ್ನಿಸಿದರೂ ಮಗು ಬಾರದಿದ್ದರೆ, ಬಂದರೂ ಪದೇಪದೇ ಮನೆಗೆ ಮರಳುತ್ತಿದ್ದರೆ, ದೇಹದಲ್ಲಿ ಕಾಯಿಲೆ ಇಲ್ಲವೆಂದು ವೈದ್ಯರು ಹೇಳಿದ ಮೇಲೂ ನೋವು ನಿಲ್ಲದಿದ್ದರೆ ಶಾಲೆ ಪರಿಣತರನ್ನು ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಊಟ, ನಿದ್ದೆ, ಆಟ, ಗೆಳೆಯರು ಎಲ್ಲವನ್ನೂ ಬಿಟ್ಟು ಕುಳಿತಿದ್ದರೆ ಅಷ್ಟು ದಿನವೂ ಬೇಡ. ಸಾಯುವ ಮಾತು ಬಂದರೆ, ಮೈಗೆ ಗಾಯ ಮಾಡಿಕೊಂಡಿದ್ದರೆ ಅದೇ ದಿನ ಕೇಳಬೇಕು, ಮಗುವನ್ನು ಒಂಟಿಯಾಗಿ ಬಿಡಕೂಡದು.

ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಓಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ನಮ್ಮ ಬಳ್ಳಾರಿಯಲ್ಲೇ ಮೊದಲು ನಡೆಸಿ ನೋಡಿದ ವ್ಯವಸ್ಥೆ ಅದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೆತ್ತವರು ಒಪ್ಪದೆ ಮುಂದುವರಿಯಲಾಗದು. 'ಹುಚ್ಚು ಅಂತಾರೆ, ನಾಳೆ ಮದುವೆಗೆ ಅಡ್ಡಿ' ಎಂದು ಅವರು ಹಿಂಜರಿಯುತ್ತಾರೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಹೆಚ್ಚು. ಮುಖ್ಯೋಪಾಧ್ಯಾಯರ ಮಾತಿಗೆ ಬಗ್ಗದವರು ಮಠದ ಮಾತನ್ನು ಕೇಳುತ್ತಾರೆ. 'ಜ್ವರಕ್ಕೆ ಡಾಕ್ಟರಲ್ಲಿ ಹೋಗುವುದಿಲ್ಲವೇ, ಇದಕ್ಕೂ ಹೋಗಿ ಬನ್ನಿ' ಎಂದು ಪೂಜ್ಯರು ಅವರನ್ನು ಕರೆಸಿ ಖಾಸಗಿಯಾಗಿ ಹೇಳಬೇಕೆಂದು ಕೋರುತ್ತೇನೆ. ಸಭೆಯಲ್ಲಿ ಹೆಸರು ಹಿಡಿದು ಹೇಳುವುದು ಬೇಡ.