ಅವರ ಬೇಸಿಗೆ ರಜೆ, ನಮ್ಮ ಮಳೆಗಾಲ

ಮಲೆನಾಡಿನ ಯಾವ ಊರಿನಲ್ಲಿ ವಿಚಾರಿಸಿದರೂ ಈಗ ಒಂದೆರಡು ಮನೆಯ ಮಕ್ಕಳಾದರೂ ವಿದೇಶದಲ್ಲಿರುತ್ತಾರೆ. ಕೆಲವರು ಅಮೇರಿಕದಲ್ಲಿ, ಕೆಲವರು ಇಂಗ್ಲೆಂಡಿನಲ್ಲಿ, ಮತ್ತೆ ಕೆಲವರು ದುಬೈ, ಮಸ್ಕತ್‌ಗಳಲ್ಲಿ. ಇವರು ಸಂಸಾರ ಸಮೇತ ಊರಿಗೆ ಬರುವುದು ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಬಂದಾಗ. ಅಮೇರಿಕದಲ್ಲಿ ಆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಕೊಲ್ಲಿ ದೇಶಗಳಲ್ಲಿ ಜುಲೈ, ಆಗಸ್ಟ್. ನಮ್ಮಲ್ಲಿ ಅದು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಒಂದರ ಹಿಂದೆ ಒಂದು ಹೊಯ್ಯುವ ಕಾಲ. ಅವರ ಬೇಸಿಗೆ ನಮ್ಮ ಮಳೆಗಾಲವಾಗಿರುತ್ತದೆ.

ಮಕ್ಕಳು, ಮೊಮ್ಮಕ್ಕಳು ಬರುವುದು ಯಾವ ಮನೆಗಾದರೂ ಹಬ್ಬವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದವರನ್ನು ನೆಂಟರಂತೆ ಉಪಚರಿಸಿ ಕಳಿಸುವುದೇ ನಮ್ಮ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ತೋಟದ ವಿಷಯ ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಲಾಗುತ್ತದೆ. ಇದರಿಂದ ನಷ್ಟವಾಗುತ್ತಿರುವುದು ತೋಟಕ್ಕೆ ಮತ್ತು ಊರಿನಲ್ಲಿ ಉಳಿದು ಅದನ್ನು ನೋಡಿಕೊಳ್ಳುತ್ತಿರುವವರಿಗೆ ಎಂಬುದು ನಮ್ಮ ಅಭಿಪ್ರಾಯ.

ಸಾಮಾನ್ಯವಾಗಿ ನಡೆಯುವುದನ್ನು ನೋಡೋಣ. ಮೂರು ವಾರದ ರಜೆಯಲ್ಲಿ ನಾಲ್ಕು ದಿನ ಪ್ರಯಾಣಕ್ಕೇ ಹೋಗುತ್ತದೆ. ಬೆಂಗಳೂರಿನಲ್ಲಿ ಬಟ್ಟೆಬರೆ, ಹಲ್ಲಿನ ಡಾಕ್ಟರು, ಬ್ಯಾಂಕಿನ ಕೆಲಸ; ಆಮೇಲೆ ಶೃಂಗೇರಿ, ಹೊರನಾಡು; ನಡುವೆ ಸೋದರಮಾವನ ಮನೆ, ಅತ್ತೆಯ ಮನೆ. ಊರಿನ ಮನೆಯಲ್ಲಿ ಉಳಿಯುವುದು ಏಳೆಂಟು ದಿನ. ಆ ದಿನಗಳೂ ಪತ್ರೊಡೆ, ಹಲಸಿನ ಹಪ್ಪಳ, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕಳೆಯುತ್ತವೆ. ಮಗ ಒಂದು ಸಂಜೆ, “ಅಪ್ಪಯ್ಯ, ಈ ವರ್ಷ ತೋಟ ಹೇಗಿದೆ? ಸಾಲ ಎಷ್ಟಿದೆ?” ಎಂದು ಕೇಳುತ್ತಾನೆ. “ಅದೆಲ್ಲ ನಿನಗ್ಯಾಕೆ ಮಾರಾಯ, ಅಪರೂಪಕ್ಕೆ ಬಂದಿದ್ದೀಯ, ಊಟ ಮಾಡು” ಎಂದು ಉತ್ತರ ಬರುತ್ತದೆ. ವಿಷಯ ಅಲ್ಲಿಗೇ ನಿಂತುಹೋಗುತ್ತದೆ.

ವಾಸ್ತವವಾಗಿ, ತೋಟದ ಕಷ್ಟ ಕಣ್ಣಿಗೆ ಕಾಣುವುದು ಇದೇ ಎರಡು ತಿಂಗಳಲ್ಲಿ. ಸುಗ್ಗಿಯಲ್ಲಿ ಬಂದವರಿಗೆ ಅಂಗಳದ ತುಂಬ ಒಣಗುವ ಅಡಿಕೆ, ಕಣದ ತುಂಬ ಕಾಫಿ ಕಾಣುತ್ತದೆ. ಮಳೆಗಾಲದಲ್ಲಿ ಬಂದವರಿಗೆ ಅದು ಹೇಗೆ ಉಳಿದು ಬರುತ್ತದೆ ಎಂಬುದು ಕಾಣುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಂದಿಗೂ ನಮ್ಮ ಮುಖ್ಯ ಆಸರೆ ಅದೇ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಆ ಎರಡನೆಯ ಸಿಂಪಡಣೆ ಬರುವುದು ಮಕ್ಕಳು ಮನೆಯಲ್ಲಿರುವ ಹೊತ್ತಿಗೇ. ಮಳೆ ಹೊಳವಾಗುವುದಕ್ಕೆ ಕಾಯುತ್ತ, ಕೊನೆಗಾರ ಸಿಗುತ್ತಾನೋ ಇಲ್ಲವೋ ಎಂದು ಚಿಂತಿಸುತ್ತ, ಬುಡದಲ್ಲಿ ಉದುರಿದ ಎಳೆಕಾಯಿಗಳನ್ನು ನೋಡುತ್ತ ಕಳೆಯುವ ದಿನಗಳು ಅವು. ಕಾಫಿಗೂ ಬೇರೊಂದು ಕೊಳೆರೋಗ ಉಂಟು. ಅದನ್ನು ತರುವ ಶಿಲೀಂಧ್ರದ ಶಾಸ್ತ್ರೀಯ ಹೆಸರಿನಲ್ಲೇ ನಮ್ಮ ಕನ್ನಡದ ‘ಕೊಳೆರೋಗ’ ಎಂಬ ಶಬ್ದ ಸೇರಿಕೊಂಡಿದೆ. ಇದನ್ನು ಹತ್ತು, ಹನ್ನೆರಡು ವರ್ಷದ ಮೊಮ್ಮಗನಿಗೆ ತೋಟದಲ್ಲಿ ನಿಲ್ಲಿಸಿ ಹೇಳಿದರೆ ಅವನು ಮರೆಯುವುದಿಲ್ಲ. ಉಂಬಳ ಕಚ್ಚೀತೆಂದು ಅವನನ್ನು ಜಗಲಿಯಿಂದ ಇಳಿಯಲು ಬಿಡದಿದ್ದರೆ, ಅಜ್ಜನ ಮನೆ ಎಂದರೆ ಕರೆಂಟಿಲ್ಲದ, ಫೋನು ಸಿಗದ ಜಾಗ ಎಂಬಷ್ಟೇ ನೆನಪು ಉಳಿಯುತ್ತದೆ.

ಇನ್ನು ಕಾಗದಪತ್ರದ ಮಾತು. ಇದು ಬಹುತೇಕ ಸಣ್ಣ ಹಿಡುವಳಿದಾರರ ಮನೆಯ ತೊಡಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ತೋಟ ಮಾಡುವವನು ಊರಿನಲ್ಲಿರುವ ಒಬ್ಬ ಮಗ. ಹಕ್ಕುದಾರರು ನಾಲ್ಕು ಕಡೆ. ಬೆಳೆಸಾಲ ನವೀಕರಣಕ್ಕೆ, ಬೆಳೆವಿಮೆಗೆ, ಅತಿವೃಷ್ಟಿ ಪರಿಹಾರಕ್ಕೆ ಹೋದಾಗ ಖಾತೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಾರಸುದಾರರ ಒಪ್ಪಿಗೆ ಬೇಕು. ಎಲ್ಲರೂ ಒಟ್ಟಿಗೆ ಊರಿನಲ್ಲಿರುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಏಳೆಂಟು ದಿನ. ಆ ದಿನಗಳು ಕಳೆದರೆ ಮುಂದೆ ವಿದೇಶದಿಂದಲೇ ಅಧಿಕಾರ ಪತ್ರ ಮಾಡಿಸಿ, ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕಾಗುತ್ತದೆ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಒಂದು ಬೆಳಿಗ್ಗೆ ತಾಲೂಕು ಕಚೇರಿಗೆ ಹೋಗಿ ಬಂದರೆ ಮುಗಿಯಬಹುದಾದ ಕೆಲಸ ಹೀಗೆ ವರ್ಷಗಟ್ಟಲೆ ಎಳೆಯುತ್ತದೆ.

ಕಾನೂನಿನ ಕೆಲವು ಅಂಶಗಳನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ವಿದೇಶದಲ್ಲಿ ನೆಲೆಸಿದ ಭಾರತೀಯರಾಗಲಿ, ಸಾಗರೋತ್ತರ ನಾಗರಿಕ ಕಾರ್ಡು ಪಡೆದವರಾಗಲಿ ಇಲ್ಲಿ ಕೃಷಿ ಭೂಮಿಯನ್ನಾಗಲಿ ಪ್ಲಾಂಟೇಶನ್ ಭೂಮಿಯನ್ನಾಗಲಿ ಸಾಮಾನ್ಯವಾಗಿ ಕೊಂಡುಕೊಳ್ಳುವಂತಿಲ್ಲ. ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಾಗಿರುವವರಿಗೆ ಮಾರಬೇಕು. ‘ಮಗನಿಗೆ ಒಂದು ಎಕರೆ ದಾನ ಬರೆದುಬಿಡುತ್ತೇನೆ’ ಎಂದುಕೊಂಡಿರುವ ಹಿರಿಯರು ಬರೆಯುವ ಮೊದಲು ವಕೀಲರನ್ನು ಕಾಣಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಕ್ಷೇಮ. ಇನ್ನು ಹೆಣ್ಣುಮಕ್ಕಳ ವಿಚಾರ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಕುಳಿತು ಮಾಡಿದ ತೀರ್ಮಾನ ನಿಲ್ಲುವುದಿಲ್ಲ; ಅದು ನ್ಯಾಯವೂ ಅಲ್ಲ.

ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಊರಿನಲ್ಲಿ ಉಳಿದವನ ಸ್ಥಿತಿ. ಇಪ್ಪತ್ತು ವರ್ಷ ತೋಟಕ್ಕೆ ಮಣ್ಣು ಹೊತ್ತು, ಸತ್ತ ಮರದ ಜಾಗದಲ್ಲಿ ಹೊಸ ಸಸಿ ಇಟ್ಟು, ಅಪ್ಪಯ್ಯನನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ದವನು ಅವನು. ಜೊತೆಗೆ ಅವನ ಹೆಂಡತಿ. ಇವರ ದುಡಿಮೆಗೆ ಸಂಬಳವೂ ಇಲ್ಲ, ಲೆಕ್ಕವೂ ಇಲ್ಲ. ಹಳದಿ ಎಲೆ ರೋಗವೋ ಎಲೆಚುಕ್ಕೆ ರೋಗವೋ ಬಂದ ತೋಟದಲ್ಲಿ ಹೊಸದಾಗಿ ಕೈಯಿಂದ ಹಣ ಹಾಕಬೇಕೇ ಬೇಡವೇ ಎಂದು ಅವನು ತೀರ್ಮಾನಿಸಬೇಕು. ಈ ತೋಟ ಮುಂದೆ ಯಾರಿಗೆ ಎಂಬುದೇ ಗೊತ್ತಿಲ್ಲದವನು ಹತ್ತು ವರ್ಷದ ಮುಂದಿನ ಫಸಲಿಗೆ ಯಾವ ಧೈರ್ಯದಿಂದ ಸಸಿ ನೆಟ್ಟಾನು? ಎಷ್ಟೋ ತೋಟಗಳು ಹಿಂದೆ ಬೀಳಲು ರೋಗದಷ್ಟೇ ಈ ಅನಿಶ್ಚಯವೂ ಕಾರಣ.

ಹೊರಗೆ ಹೋದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ಕಳಿಸಿದ ಹಣದಿಂದ ಎಷ್ಟೋ ಮನೆಗಳಿಗೆ ಸ್ಪ್ರಿಂಕ್ಲರ್ ಬಂದಿದೆ, ತಂಗಿಯರ ಮದುವೆ ನಡೆದಿದೆ, ಬೆಲೆ ಬಿದ್ದ ವರ್ಷ ಸಾಲದ ಕಂತು ಸಂದಿದೆ. ಆದರೆ ಅವರಲ್ಲೂ ಒಂದು ವಿನಂತಿ. ಮೂರು ದಿನ ಇದ್ದು ‘ಇದನ್ನು ಮಾರಿ ಬೆಂಗಳೂರಿಗೆ ಬಂದುಬಿಡಿ’ ಎಂದೋ ‘ಹೋಂಸ್ಟೇ ಮಾಡಿ’ ಎಂದೋ ಸಲಹೆ ಕೊಡುವ ಮೊದಲು ಕಳೆದ ಮೂರು ವರ್ಷದ ಜಮಾಖರ್ಚನ್ನು ಕೇಳಿ ನೋಡಬೇಕು. ದೂರದ ಬೆಟ್ಟ ನುಣ್ಣಗೆ ಕಾಣುವುದು ಎರಡೂ ಕಡೆಯವರಿಗೆ.

‘ನಾವು ಬದುಕಿರುವಾಗಲೇ ಪಾಲಿನ ಮಾತು ಎತ್ತುವುದು ಅಪಶಕುನ, ನಗುನಗುತ್ತ ಬಂದ ಮಕ್ಕಳ ನಡುವೆ ಮನಸ್ತಾಪವಾದರೆ?’ ಎಂದು ಹಿರಿಯರು ಹೇಳುವುದುಂಟು. ಈ ಅಂಜಿಕೆ ಸಹಜವೇ. ಆದರೆ ತಂದೆ ತಾಯಿ ಎದುರಿಗೆ ಕುಳಿತಿರುವಾಗ ಆಗದ ಒಪ್ಪಂದ ಅವರು ಹೋದಮೇಲೆ ಕೋರ್ಟಿನ ಕಟ್ಟೆಯಲ್ಲಿ ಆಗುವುದು ಇನ್ನೂ ಕಷ್ಟ. ಹಿರಿಯರ ಮಾತಿಗೆ ತೂಕವಿರುವುದು ಅವರು ಆಡಿದಾಗ. ಪಾಲನ್ನೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ತೋಟ ಒಟ್ಟಿಗೇ ಇರಲಿ ಎಂದು ಎಲ್ಲರೂ ಒಪ್ಪಿದರೆ ಅದೂ ಒಂದು ತೀರ್ಮಾನವೇ. ನೋಡಿಕೊಳ್ಳುವವನಿಗೆ ಏನು ಸಲ್ಲಬೇಕು, ಖರ್ಚು ಯಾರದು ಎಂಬುದನ್ನು ಬರೆದಿಡಬೇಕು, ಅಷ್ಟೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಸೂಚನೆ ಇಷ್ಟು. ಮಕ್ಕಳು ಬರುವ ಮೊದಲೇ ಪಹಣಿ, ಸರ್ವೆ ನಕ್ಷೆ, ಸಾಲದ ಪಾಸ್‌ಬುಕ್ಕುಗಳನ್ನು ಒಂದು ಕಡೆ ಇಟ್ಟುಕೊಳ್ಳಿ. ಬಂದ ಮೇಲೆ ಒಂದು ಬೆಳಿಗ್ಗೆ, ಮಳೆ ಬಂದರೂ ಸರಿ, ಎಲ್ಲರೂ ಸೇರಿ ತೋಟದ ಗಡಿ ಸುತ್ತಿ ಬನ್ನಿ. ಗಡಿಕಲ್ಲು, ನೀರಿನ ಮೂಲ, ಬಸಿಗಾಲುವೆಗಳನ್ನು ಮೊಮ್ಮಕ್ಕಳಿಗೂ ತೋರಿಸಿ. ಒಂದು ಸಂಜೆ ಸೊಸೆ, ಮಗಳನ್ನೂ ಕೂರಿಸಿಕೊಂಡು ಜಮಾಖರ್ಚು ಮುಂದಿಡಿ. ಒಂದು ದಿನ ತಾಲೂಕು ಕಚೇರಿಗೆ ಮೀಸಲಿಡಿ. ಸಂಘದಲ್ಲಿರುವ ಷೇರು, ಠೇವಣಿಗಳಿಗೆ ನಾಮಿನಿ ಹೆಸರು ಕೊಟ್ಟಿಲ್ಲದಿದ್ದರೆ ಅದನ್ನೂ ಮುಗಿಸಿ.

ಇಪ್ಪತ್ತು ದಿನದ ರಜೆಯಲ್ಲಿ ಇದಕ್ಕೆ ಬೇಕಾದದ್ದು ಎರಡೋ ಮೂರೋ ದಿನ. ಉಳಿದ ದಿನ ಪತ್ರೊಡೆಗೆ ಯಾವ ಅಡ್ಡಿಯೂ ಇಲ್ಲ.