ಊರಿಂದ ಬರುವ ಮಾತ್ರೆಯ ಲಕೋಟೆ

ಸಿಂಗಾಪುರದಿಂದ ಊರಿಗೆ ಹೊರಡುವಾಗ ನಮ್ಮವರ ಪೆಟ್ಟಿಗೆಯಲ್ಲಿ ಎಂತ ಇರ್ತದೆ ಅಂತ ಎಲ್ಲರಿಗೂ ಗೊತ್ತು. ಮುಸ್ತಫಾ ಸೆಂಟರಿನಿಂದ ಚಾಕಲೇಟು, ಸಾಬೂನು, ಮತ್ತೆ ಕಡ್ಡಾಯವಾಗಿ ಆಕ್ಸ್ ಆಯಿಲ್. 1928ರಲ್ಲಿ ಇದೇ ಸಿಂಗಾಪುರದಲ್ಲಿ ಶುರುವಾದ ಆ ಕೊಡಲಿ ಮಾರ್ಕಿನ ಎಣ್ಣೆ ಇಲ್ಲದೆ ಊರಿಗೆ ಹೋದರೆ ಮನೆಯ ಅಜ್ಜಿಯಂದಿರು ಮಾತಾಡಿಸುವುದಿಲ್ಲ. ಊರಿಂದ ತಿರುಗಿ ಬರುವಾಗ? ಉಪ್ಪಿನಕಾಯಿ, ಹಪ್ಪಳ, ಮತ್ತೊಂದು ಲಕೋಟೆ ತುಂಬ ಮಾತ್ರೆ. ತನಗೆ ಸ್ವಲ್ಪ, ರೂಮಿನವರಿಗೆ ಸ್ವಲ್ಪ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿಗೆ ಒಮ್ಮೆಯಾದರೂ ಆ ಮೆಸೇಜ್ ಬಂದೇ ಬರ್ತದೆ: "ಊರಿಂದ ಯಾರಾದ್ರೂ ಬರ್ಲಿಕ್ಕೆ ಉಂಟಾ? ಸ್ವಲ್ಪ ಮದ್ದು ತರ್ಲಿಕ್ಕಿತ್ತು."

ನಾನೂ ತಂದು ಕೊಟ್ಟವನೇ. ಹಾಗಾಗಿ ಬೇರೆಯವರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಮಾಡಿ ಲೆಕ್ಕ ಬರೆಯುವವ. ಆದರೆ ಎರಡು ವರ್ಷದ ಹಿಂದೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕೂತ ಮೇಲೆ ಈ ಲಕೋಟೆಯ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು.

ನಮ್ಮಲ್ಲೇ ಒಬ್ಬರು ಕಾಕ. ಹೆಸರು ಹಾಕಬೇಡ, ವಿಷಯ ಬರಿ ಅಂತ ಹೇಳಿದ್ದಾರೆ. ವಯಸ್ಸು ಐವತ್ತು ದಾಟಿದೆ, ಏಸಿ ಡಕ್ಟಿನ ಕೆಲಸ, ದಿನವಿಡೀ ಏಣಿ ಹತ್ತಿ ಇಳಿಯುವುದು. ಮಂಡಿನೋವು ಹೊಸತಲ್ಲ. ಬೆಳಿಗ್ಗೆ ಊರಿಂದ ತಂದ ಒಂದು ಮಾತ್ರೆ, ರಾತ್ರಿ ರೂಮಿನ ಹುಡುಗನಿಗೆ ಕ್ಲಿನಿಕ್‌ನಲ್ಲಿ ಕೊಟ್ಟು ಉಳಿದಿದ್ದ ಇನ್ನೊಂದು ಮಾತ್ರೆ. ಬಣ್ಣ ಬೇರೆ, ಆಕಾರ ಬೇರೆ, ಹಾಗಾಗಿ ಮದ್ದೂ ಬೇರೆ ಅಂತ ಅವರ ನಂಬಿಕೆ. ಹೀಗೆ ಸುಮಾರು ಮೂರು ತಿಂಗಳು. ಒಂದು ಆದಿತ್ಯವಾರ ನನಗೆ ಫೋನ್ ಮಾಡಿ, "ಮೋನೆ, ತಲೆ ತಿರುಗ್ತಾ ಉಂಟು, ಎದ್ದು ನಿಲ್ಲಲಿಕ್ಕೆ ಆಗುವುದಿಲ್ಲ" ಅಂದರು. ಹೋಗಿ ನೋಡಿದರೆ ಮುಖ ಬಿಳುಚಿಕೊಂಡಿತ್ತು. ಮೂರು ದಿನದಿಂದ ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ ತಗೊಳ್ತಾ ಇದ್ದೀರಿ ಅಂತ. ಕಾಕ ಕಿಸೆಯಿಂದ ತೆಗೆದು ಕೊಟ್ಟರು. ಊರಿನ ಮೆಡಿಕಲ್‌ನವರು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ತುಂಡು ಮಾಡಿ ನಾಲ್ಕು ನಾಲ್ಕು ಕೊಡ್ತಾರಲ್ಲ, ಅದರಲ್ಲಿ ಹೆಸರಿನ ಭಾಗವೇ ಹೋಗಿತ್ತು. ಆ ಹೆಣ್ಣುಮಗಳು, ಡಾಕ್ಟರ್, ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಲ್ಲಿ ರಾತ್ರಿ ಹನ್ನೊಂದು, ಊರಲ್ಲಿ ಎಂಟೂವರೆ. ಮೆಡಿಕಲ್ ಬಾಗಿಲು ಹಾಕುವ ಮೊದಲು ಕಾಕನ ಮಗ ಬೈಕಿನಲ್ಲಿ ಓಡಿ, ಪೂರ್ತಿ ಸ್ಟ್ರಿಪ್ಪಿನ ಫೋಟೋ ತೆಗೆದು ಕಳುಹಿಸಿದ. ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮೋಲ್ ಸೇರಿದ ಮಾತ್ರೆ. ರೂಮಿನ ಹುಡುಗನದ್ದು ಎಟೋರಿಕಾಕ್ಸಿಬ್. ಬಣ್ಣ ಬೇರೆಯಾದರೂ ಜಾತಿ ಒಂದೇ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಕಿಡ್ನಿಯ ಕ್ರಿಯಾಟಿನಿನ್ ಕೂಡ ಏರಿತ್ತು. ರಕ್ತ ಕೊಟ್ಟರು, ಕ್ಯಾಮರಾ ಹಾಕಿ ಹುಣ್ಣು ಮುಚ್ಚಿದರು. ಅಲ್ಲಾಹನ ಕೃಪೆ, ಉಳಿದರು.

ಈ ಜಾತಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೋವಿನ ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಬಗೆ ನಮ್ಮ ಕೈಗೆ ಸಿಗುವುದು. ಒಂದು ಪ್ಯಾರಾಸಿಟಮೋಲ್. ಇಲ್ಲಿ ಪೆನಡಾಲ್, ಊರಲ್ಲಿ ಡೋಲೋ. ಇನ್ನೊಂದು ಊತ, ಉರಿ ಇಳಿಸುವ ಮಾತ್ರೆಗಳು: ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಮೆಫೆನಾಮಿಕ್ ಆ್ಯಸಿಡ್, ಎಟೋರಿಕಾಕ್ಸಿಬ್, ನಿಮೆಸುಲೈಡ್. ಇವಕ್ಕೆ ಅಂಗಡಿಯಲ್ಲಿ ನೂರಾರು ಹೆಸರು. ವೊವೆರಾನ್, ವೋಲ್ಟರೆನ್ ಎರಡೂ ಡೈಕ್ಲೋಫೆನಾಕೇ. ಊರಿನ ಮೆಫ್ಟಾಲ್, ಇಲ್ಲಿನ ಪೊನ್‌ಸ್ಟಾನ್ ಎರಡೂ ಮೆಫೆನಾಮಿಕ್ ಆ್ಯಸಿಡ್. ದೊಡ್ಡಕ್ಷರದ ಹೆಸರು ಕಂಪೆನಿಯದ್ದು, ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವುದೇ ಮದ್ದಿನ ಹೆಸರು. ಈ ಎರಡನೇ ಬಗೆಯಲ್ಲಿ ಒಂದು ಸಮಯಕ್ಕೆ ಒಂದೇ. ಎರಡು ಸೇರಿಸಿದರೆ ನೋವು ಹೆಚ್ಚು ಕಡಿಮೆಯಾಗುವುದಿಲ್ಲ, ಅಪಾಯ ಮಾತ್ರ ಕೂಡುತ್ತದೆ.

"ಹೊಟ್ಟೆ ತುಂಬ ಉಂಡು ತಗೊಂಡ್ರೆ ಎಂತ ಆಗುದಿಲ್ಲ ಮಾರಾಯ್ರೆ" ಅಂತ ಹೇಳುವವರು ತುಂಬ ಜನ. ಅರ್ಧ ಸತ್ಯ. ಊಟದ ನಂತರ ತಗೊಂಡರೆ ಉರಿ ಕಡಿಮೆ, ಅದು ಸರಿ. ಆದರೆ ಈ ಮಾತ್ರೆ ಹೊಟ್ಟೆಯನ್ನು ಕೆಡಿಸುವುದು ಮುಟ್ಟಿದ್ದರಿಂದ ಮಾತ್ರ ಅಲ್ಲ. ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಉಂಟು. ನೋವು, ಊತ ಏಳಿಸುವುದೂ ಅದೇ, ಹೊಟ್ಟೆಯ ಒಳಪದರವನ್ನು ಆ್ಯಸಿಡ್‌ನಿಂದ ಕಾಯುವುದೂ ಅದೇ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ಸಹಾಯ ಮಾಡುವುದೂ ಅದೇ. ಮಾತ್ರೆ ಅದನ್ನು ತಡೆಯುವಾಗ ಮೂರೂ ಕಡೆ ಕಡಿತ ಬೀಳುತ್ತದೆ. ಹಾಗಾಗಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡರೂ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೊದಲೇ ಹುಣ್ಣು ಆದವರಿಗೆ, ಹೃದಯಕ್ಕಾಗಿ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಕಷ್ಟ. ಹಾರ್ಟ್ ಅಟ್ಯಾಕ್ ಆದವರು ಡಾಕ್ಟರರನ್ನು ಕೇಳದೆ ಮುಟ್ಟಲೇಬಾರದು. ರಮಳಾನ್‌ನಲ್ಲಿ ಹಗಲು ನೀರಿಲ್ಲದೆ ಬಿಸಿಲಲ್ಲಿ ಕೆಲಸ ಮಾಡಬೇಕಾದವರು ಸಹರಿಗೆ ಎದ್ದು ಚಾಯದ ಜೊತೆ ಒಂದು ನುಂಗುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ.

ಕಿಡ್ನಿಯ ವಿಷಯ ನಮ್ಮವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹೊಟ್ಟೆ ಉರಿದರೆ ಗೊತ್ತಾಗ್ತದೆ, ಕಿಡ್ನಿ ಕೆಟ್ಟರೆ ತುಂಬ ತಡವಾಗಿ ಗೊತ್ತಾಗುವುದು. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆ ಕಿಡ್ನಿಗೆ ಎರಡು ಪಟ್ಟು ಭಾರ. ಬಿ.ಪಿ. ಇರುವವರು ಇನ್ನೊಂದು ನೋಡಿ. ಕಾಕ ತಗೊಳ್ಳುತ್ತಿದ್ದದ್ದು ಟೆಲ್ಮಾ-ಎಚ್. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅದು ಉಂಟು. ಅದರೊಳಗೆ ಎರಡು ಮದ್ದು: ಟೆಲ್ಮಿಸಾರ್ಟಾನ್, ಮತ್ತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್. ಅದರ ಮೇಲೆ ನೋವಿನ ಮಾತ್ರೆ ಸೇರಿದರೆ ಮೂರಾಯಿತು. ಈ ಮೂರು ಒಟ್ಟಿಗೆ ಕಿಡ್ನಿಗೆ ಏಟು ಕೊಡುವುದು ಡಾಕ್ಟರರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಬಿ.ಪಿ.ಯೂ ಹಿಡಿತಕ್ಕೆ ಬರುವುದಿಲ್ಲ. ಒಂದು ಮಾತು ನೆನಪಾಗ್ತದೆ: ನಮ್ಮ ದೇಶದ ರಣಹದ್ದುಗಳು ಹೋದದ್ದು ಇದೇ ಡೈಕ್ಲೋಫೆನಾಕ್‌ನಿಂದ. ದನಗಳಿಗೆ ಚುಚ್ಚಿದ ಮದ್ದು, ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಡಿಸಿತು. 2006ರಲ್ಲಿ ಸರಕಾರ ದನಗಳಿಗೆ ಅದನ್ನು ನಿಲ್ಲಿಸಿತು. ನಮ್ಮ ದೇಹ ಹದ್ದಿನಷ್ಟು ಸೂಕ್ಷ್ಮ ಅಲ್ಲ, ಹೆದರಿಸಲಿಕ್ಕೆ ಹೇಳಿದ್ದಲ್ಲ. ಆದರೆ ನಾಲ್ಕು ರೂಪಾಯಿಯ ಮಾತ್ರೆ, ಅದರಲ್ಲಿ ಎಂತ ಉಂಟು ಅಂತ ಹೇಳುವವರು ಒಮ್ಮೆ ಯೋಚಿಸಲಿ. ನಿಮೆಸುಲೈಡ್ ಕೂಡ ಹಾಗೆಯೇ. ಲಿವರಿಗೆ ತೊಂದರೆ ಅಂತ ಐರ್ಲೆಂಡ್ 2007ರಲ್ಲಿ ನಿಲ್ಲಿಸಿತು, ನಮ್ಮ ದೇಶದಲ್ಲಿ 12 ವರ್ಷದ ಒಳಗಿನ ಮಕ್ಕಳಿಗೆ 2011ರಲ್ಲಿ ನಿಷೇಧವಾಯಿತು.

ಜ್ವರಕ್ಕೆ ಈ ಮಾತ್ರೆ ಬೇಡವೇ ಬೇಡ. ಸಿಂಗಾಪುರದಲ್ಲಿ 2020ರಲ್ಲಿ 35 ಸಾವಿರಕ್ಕಿಂತ ಹೆಚ್ಚು ಡೆಂಗ್ಯೂ ಪ್ರಕರಣ ಆಗಿತ್ತು. ನಮ್ಮ ಬ್ಲಾಕುಗಳ ಕೆಳಗೆ ಕೆಂಪು ಬ್ಯಾನರ್ ಕಟ್ಟುತ್ತಾರಲ್ಲ, ಅಲ್ಲಿ ಹತ್ತು ಅಥವಾ ಹೆಚ್ಚು ಜನರಿಗೆ ಡೆಂಗ್ಯೂ ಬಂದಿದೆ ಅಂತ ಅರ್ಥ. ಡೆಂಗ್ಯೂವಿನಲ್ಲಿ ಮೈಕೈ ನೋವು ಜೋರು, ಹಾಗಾಗಿ ಕೈ ಸೀದ ನೋವಿನ ಮಾತ್ರೆಗೇ ಹೋಗುವುದು. ಪ್ಲೇಟ್‌ಲೆಟ್ ಇಳಿದಿರುವಾಗ ಇದು ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಆಸ್ಪಿರಿನ್ನೂ ಬೇಡ. ಜ್ವರ ಯಾವುದೆಂದು ಗೊತ್ತಾಗುವ ತನಕ ಪ್ಯಾರಾಸಿಟಮೋಲ್ ಮಾತ್ರ, ನೀರು, ಮತ್ತೆ ಡಾಕ್ಟರ್. ಪ್ಯಾರಾಸಿಟಮೋಲ್‌ಗೂ ಮಿತಿ ಉಂಟು: ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು, ಅಂದರೆ 500ರ ಮಾತ್ರೆ ಎಂಟು. ಲೆಕ್ಕ ಹಾಕುವಾಗ ಮಿಶ್ರ ಮಾತ್ರೆಯೊಳಗಿನದ್ದನ್ನೂ ಕೂಡಿಸಿ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮೋಲ್ ಅಡಗಿ ಕೂತಿದೆ.

ಇಷ್ಟೆಲ್ಲ ಗೊತ್ತಿದ್ದರೂ ಕಾಕ ಮಾತ್ರೆ ಬಿಡುತ್ತಿದ್ದರಾ? ನನಗೆ ಸಂಶಯ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವರು ಹೇಳಿದ್ದು ಇಷ್ಟು: "ಎಂ.ಸಿ. ತಗೊಂಡ್ರೆ ಓ.ಟಿ. ಹೋಗ್ತದೆ ಮೋನೆ. ಮಗಳ ಮದುವೆಯ ಸಾಲ ಯಾರು ತೀರಿಸುದು?" ನಿಜವಾದ ರೋಗ ಇದು. ಮಂಡಿಗೆ ಅಲ್ಲ, ಓ.ಟಿ.ಗಾಗಿ ಮಾತ್ರೆ ನುಂಗುವುದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಲೆಕ್ಕದವನಾಗಿ ಕೆಲವು ಸಂಗತಿ ಹೇಳಬಲ್ಲೆ, ಯಾಕೆಂದರೆ ಹಕ್ಕಿನ ದುಡ್ಡನ್ನು ಬಿಟ್ಟು ಭಯದ ದುಡ್ಡನ್ನು ಲೆಕ್ಕ ಹಾಕುತ್ತಿದ್ದೇವೆ.

ಇಲ್ಲಿ ಒಂದೇ ಕಂಪೆನಿಯಲ್ಲಿ ಆರು ತಿಂಗಳು ಪೂರೈಸಿದ ಕೆಲಸಗಾರನಿಗೆ ವರ್ಷಕ್ಕೆ 14 ದಿನ ಸಂಬಳ ಸಹಿತ ಅನಾರೋಗ್ಯ ರಜೆ ಉಂಟು, ಆಸ್ಪತ್ರೆ ಸೇರಿದರೆ ಅದೂ ಸೇರಿ 60 ದಿನ. ಮನೆಕೆಲಸದವರಿಗೆ ನಿಯಮ ಬೇರೆ. ಓ.ಟಿ. ಹೋಗುವುದು ಹೌದು, ಮೂಲ ಸಂಬಳ ಹೋಗುವುದಿಲ್ಲ. 2022ರ ಏಪ್ರಿಲ್‌ನಿಂದ, ಡಾರ್ಮಿಟರಿಯಲ್ಲಿ ಇರುವ ಅಥವಾ ಕಟ್ಟಡ, ಶಿಪ್‌ಯಾರ್ಡ್, ಪ್ರೊಸೆಸ್ ಕೆಲಸದಲ್ಲಿರುವ ವರ್ಕ್ ಪರ್ಮಿಟ್, ಎಸ್ ಪಾಸ್‌ನವರಿಗೆ ಕಂಪೆನಿ ಪ್ರೈಮರಿ ಕೇರ್ ಪ್ಲಾನ್ ಮಾಡಿಸಲೇಬೇಕು. ಅದರಲ್ಲಿ ಕ್ಲಿನಿಕ್‌ಗೆ ಹೋದರೆ ನಮ್ಮ ಕೈಯಿಂದ ಹೋಗುವುದು 5 ಡಾಲರ್, ಫೋನಿನಲ್ಲಿ ಡಾಕ್ಟರ್ ಜೊತೆ ಮಾತಾಡಿದರೆ 2 ಡಾಲರ್. ಆಸ್ಪತ್ರೆಯಲ್ಲಿ ಮಲಗುವ ಖರ್ಚಿನ ವಿಮೆಯನ್ನು 2023ರ ಜುಲೈಯಿಂದ ವರ್ಷಕ್ಕೆ ಕನಿಷ್ಠ 60 ಸಾವಿರ ಡಾಲರಿಗೆ ಏರಿಸಿದ್ದಾರೆ. ಈ ಪ್ಲಾನ್ ಇಲ್ಲದೆ ಸಿಕ್ಕಿಬಿದ್ದವರಿಗೆ 2006ರಿಂದ ನಡೆಯುವ ಹೆಲ್ತ್‌ಸರ್ವ್ ಎಂಬ ಸೇವಾ ಸಂಸ್ಥೆಯ ಕ್ಲಿನಿಕ್ ಉಂಟು.

ಇನ್ನೊಂದು ನಷ್ಟ ಯಾರೂ ಹೇಳುವುದಿಲ್ಲ. ಏಣಿಯಿಂದ ಜಾರಿ ಸೊಂಟ ಉಳುಕಿತು ಅಂತ ಇಟ್ಟುಕೊಳ್ಳಿ. ಮಾತ್ರೆ ನುಂಗಿ ಎರಡು ತಿಂಗಳು ಕೆಲಸ ಮಾಡಿದಿರಿ. ಆಮೇಲೆ ಎದ್ದೇಳಲಿಕ್ಕೇ ಆಗದಾಗ, ಅದು ಕೆಲಸದಲ್ಲಿ ಆದದ್ದು ಅಂತ ತೋರಿಸಲಿಕ್ಕೆ ನಿಮ್ಮ ಹತ್ತಿರ ಒಂದು ಚೀಟಿ ಇದೆಯಾ? ಕೆಲಸದ ಗಾಯಕ್ಕೆ ಪರಿಹಾರ ಕೇಳಲು ಅಪಘಾತವಾದ ದಿನದಿಂದ ಒಂದು ವರ್ಷ ಸಮಯ. ಆ ದಿನವೇ ಸೂಪರ್‌ವೈಸರಿಗೆ ತಿಳಿಸಿ, ಡಾಕ್ಟರ್ ಹತ್ತಿರ ಹೋಗಿ "ಕೆಲಸದಲ್ಲಿ ಹೀಗೆ ಬಿದ್ದೆ" ಅಂತ ಬರೆಸಿಕೊಂಡರೆ ಅದು ದಾಖಲೆ. ಮಾತ್ರೆ ನೋವನ್ನೂ ಅಡಗಿಸಿತು, ದಾಖಲೆಯನ್ನೂ ಅಡಗಿಸಿತು. ಕ್ಲೇಮಿನ ಕಾಗದಗಳನ್ನು ನೋಡಿ ನೋಡಿ ನನಗೆ ಗೊತ್ತು, ಚೀಟಿ ಇಲ್ಲದ ನೋವಿಗೆ ಬೆಲೆ ಇಲ್ಲ.

ಹಾಗಾದರೆ ನೋವಿಗೆ ಎಂತ ಮಾಡುವುದು? ಎರಡು ಮೂರು ದಿನಕ್ಕೆ, ಕಡಿಮೆ ಪ್ರಮಾಣದಲ್ಲಿ, ಬೇರೆ ರೋಗ ಇಲ್ಲದವರು, ಫಾರ್ಮಸಿಯಲ್ಲಿ ಕೇಳಿ ಒಂದು ಮಾತ್ರೆ ತಗೊಂಡರೆ ತಪ್ಪಲ್ಲ. ಮಾತ್ರೆ ಹರಾಮು ಅಂತ ನಾನು ಹೇಳುತ್ತಿಲ್ಲ. ಬಿ.ಪಿ., ಸಕ್ಕರೆ, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಅದನ್ನು ಮೊದಲು ಹೇಳಿ. ಮಂಡಿ, ಮಣಿಗಂಟಿನ ನೋವಿಗೆ ಮೇಲಿಂದ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಉಂಟು. ಅದರಿಂದ ರಕ್ತಕ್ಕೆ ಹೋಗುವ ಮದ್ದು ಮಾತ್ರೆಗಿಂತ ತುಂಬ ಕಡಿಮೆ. ಕಪ್ಪು ಮಲ, ರಕ್ತ ವಾಂತಿ, ಮುಖ ಊದುವುದು, ಉಸಿರು ಕಟ್ಟುವುದು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಕಾಕನ ಹಾಗೆ ಮೂರು ದಿನ ನಾಚಿಕೆ ಪಡಬೇಡಿ.

ಊರಲ್ಲಿ ಓದುವ ಮನೆಯವರಿಗೂ ಒಂದು ಮಾತು. ಗಂಡನಿಗೆ, ಮಗನಿಗೆ ಪ್ರೀತಿಯಿಂದಲೇ ಆ ಲಕೋಟೆ ಕಟ್ಟಿ ಕೊಡ್ತೀರಿ, ಗೊತ್ತು. ಆದರೆ ಸಿಂಗಾಪುರಕ್ಕೆ ಬರುವವರು ಸ್ವಂತ ಬಳಕೆಗೆ ಮೂರು ತಿಂಗಳಿನಷ್ಟು ಮದ್ದು ಮಾತ್ರ ತರಬಹುದು. ಕೊಡೀನ್, ಮಾರ್ಫಿನ್‌ನಂತಹ ನೋವಿನ ಮದ್ದಿಗೆ ಇಲ್ಲಿನ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿ ಬೇಕಾಗಬಹುದು, ಮೊದಲೇ ವಿಚಾರಿಸಿ. ಡಾಕ್ಟರ್ ಬರೆದ ಬಿ.ಪಿ., ಸಕ್ಕರೆ ಮಾತ್ರೆ ಇದ್ದರೆ ಚೀಟಿ ಸಮೇತ, ಕತ್ತರಿ ಹಾಕದ ಪೂರ್ತಿ ಸ್ಟ್ರಿಪ್ಪಿನಲ್ಲಿ ಕಳುಹಿಸಿ. ಮನೆಯಲ್ಲಿ ಉಮ್ಮನ ಮಂಡಿನೋವಿಗೆ ವರ್ಷಗಟ್ಟಲೆ ಅದೇ ಮಾತ್ರೆ ತರಿಸುತ್ತಿದ್ದರೆ ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರು ಡಾಕ್ಟರ್ ಹೇಳದೆ ಈ ಮಾತ್ರೆ ತಗೊಳ್ಳಬಾರದು, ಐದು ತಿಂಗಳು ಆಗುತ್ತಾ ಬಂದ ಮೇಲಂತೂ ಇಲ್ಲವೇ ಇಲ್ಲ.

ಸಂಘದವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಎಲ್ಲರೂ ಸೇರುವಾಗ ಒಬ್ಬ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಒಂದು ಗಂಟೆ ಕೂರಿಸಿ. ಪ್ರತಿಯೊಬ್ಬರೂ ತಮ್ಮ ರೂಮಿನ ಮಾತ್ರೆಯ ಲಕೋಟೆ ತರಲಿ, ಅವರು ಒಂದೊಂದಾಗಿ ನೋಡಿ ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಸಾಡುವುದು ಅಂತ ಹೇಳಲಿ. ಕಾಕ ಬರ್ತಾರೆ, ಒಪ್ಪಿಸಿದ್ದೇನೆ. ಅವರ ಲಕೋಟೆಯಲ್ಲಿ ಈಗ ಇರುವುದು ಎರಡೇ ಮಾತ್ರೆ, ಒಂದು ಜೆಲ್ಲು, ಮತ್ತೆ ಆಸ್ಪತ್ರೆಯ ಚೀಟಿ.