ಚಿತ್ತಾ ನಕ್ಷತ್ರದ ಕೆಳಗೊಂದು ತಾರಾಗುಚ್ಛ, ಅಂಗಳದಲ್ಲೊಂದು ದೀಪ

ಚೈತ್ರದ ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಇರುತ್ತಾನೆ. ತಿಂಗಳಿಗೆ ಆ ಹೆಸರು ಬಂದದ್ದೇ ಅದರಿಂದ. ಹುಣ್ಣಿಮೆ ಕಳೆದು ಕತ್ತಲು ಮರಳಿದ ಮೇಲೆ ಅದೇ ಚಿತ್ತೆಯಿಂದ ನೇರ ಕೆಳಕ್ಕೆ, ಚಾಚಿದ ಕೈಯ ಮೂರೂವರೆ ಮುಷ್ಟಿಯಷ್ಟು ಇಳಿದು ನೋಡಿ. ಏಪ್ರಿಲ್ ನಡುವಿನಲ್ಲಾದರೆ ರಾತ್ರಿ ಹನ್ನೆರಡೂವರೆಗೆ, ಮೇ ನಡುವಿನಲ್ಲಾದರೆ ಹತ್ತೂವರೆಗೆ, ಮಂಡಗದ್ದೆಯ ದಕ್ಷಿಣ ದಿಗಂತದಿಂದ ಸುಮಾರು 29 ಡಿಗ್ರಿ ಎತ್ತರದಲ್ಲಿ ಮಸುಕಾದ ಚುಕ್ಕೆಯೊಂದು ಕಾಣುತ್ತದೆ. ಅಡಿಕೆ ತೋಟ ಅಡ್ಡ ಬಂದರೆ ತುಂಗೆಯ ದಂಡೆಗೆ ಹೋಗಬೇಕು, ಅಷ್ಟೆ.

ಇದು ಒಮೆಗಾ ಸೆಂಟಾರಿ. 1603ರಲ್ಲಿ ಬೇಯರ್ ಇದನ್ನು ನಕ್ಷತ್ರವೆಂದೇ ಎಣಿಸಿ ಒಂದು ಅಕ್ಷರ ಕೊಟ್ಟ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿ ಇದು ಒಂಟಿ ನಕ್ಷತ್ರವಲ್ಲವೆಂದು ಗುರುತಿಸಿದ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಸೇರಿಕೊಂಡಿರುವ ಗುಚ್ಛವಿದು.

ಇದರ ಚಿತ್ರ ತೆಗೆಯಲು ದೂರದರ್ಶಕವೇ ಬೇಕೆಂದಿಲ್ಲ. ಸಾಧಾರಣ ಡಿಜಿಟಲ್ ಕ್ಯಾಮೆರಾ, 135 ಮಿ.ಮೀ. ಮಸೂರ, ಅಲುಗದ ಟ್ರೈಪಾಡ್ ಇದ್ದರೆ ಸಾಕು. ಭೂಮಿ ತಿರುಗುವುದರಿಂದ ಮೂರು ಸೆಕೆಂಡು ಮೀರಿದರೆ ಚುಕ್ಕೆಗಳು ಗೆರೆಗಳಾಗುತ್ತವೆ. ಆದ್ದರಿಂದ ಮೂರು ಮೂರು ಸೆಕೆಂಡಿನ ನೂರು ಚಿತ್ರಗಳನ್ನು ತೆಗೆದು, ಉಚಿತವಾಗಿ ಸಿಗುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಜೋಡಿಸಿ ಸರಾಸರಿ ಮಾಡಬೇಕು. ಆಗ ಕ್ಯಾಮೆರಾದ ಕಲೆಗಳು ಹತ್ತನೆಯ ಒಂದು ಪಾಲಿಗೆ ಇಳಿದು, ಅಂಚಿನಲ್ಲಿ ಕಾಳು ಕಾಳಾಗಿರುವ ಬೆಳಕಿನ ಉಂಡೆ ಮೂಡುತ್ತದೆ.

ನನ್ನ ತಕರಾರು ಈಗ ಬರುತ್ತದೆ. ಬೀದಿದೀಪದ ಬೆಳಕನ್ನೂ ತಂತ್ರಾಂಶವೇ ಅಳಿಸುತ್ತದೆ ಎಂದು ವಾದಿಸುವವರಿದ್ದಾರೆ. ಅರ್ಧ ಮಾತ್ರ ನಿಜ. ಆ ಬೆಳಕಿನ ಸರಾಸರಿಯನ್ನು ಕಳೆಯಬಹುದು. ಅದರ ಏರುಪೇರು ಚಿತ್ರದಲ್ಲೇ ಉಳಿಯುತ್ತದೆ. ಬಾನಿನ ಹೊಳಪು ನಾಲ್ಕು ಪಟ್ಟಾದರೆ ಅಷ್ಟೇ ಸ್ಪಷ್ಟತೆಗೆ ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಬರಿಗಣ್ಣಿಗಂತೂ ಯಾವ ತಂತ್ರಾಂಶವೂ ಇಲ್ಲ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಬಾನನ್ನು ಕಾಯ್ದಿಡುವ ಪ್ರದೇಶವನ್ನು ಸರ್ಕಾರವೇ ಘೋಷಿಸಿತು. ಮಲೆನಾಡಿಗೆ ಘೋಷಣೆ ಬರುವವರೆಗೆ ಕಾಯಬೇಕಾಗಿಲ್ಲ. ಇಲ್ಲಿನ ಮನೆಗಳಿಗೆ ಇಡೀ ರಾತ್ರಿ ಉರಿಯುವ ಬಿಳಿ ಎಲ್‌ಇಡಿ ದೀಪಗಳನ್ನು ಹಾಕಿಸುತ್ತಿರುವವರು ಬಹುಮಟ್ಟಿಗೆ ನೀವೇ, ಪರವೂರುಗಳಲ್ಲಿರುವ ಮಕ್ಕಳು. ವಯಸ್ಸಾದ ಅಪ್ಪ ಅಮ್ಮನ ಮೇಲಿನ ಕಾಳಜಿಯಿಂದ ಹಾಕಿಸುತ್ತೀರಿ, ಬಲ್ಲೆ. ಹಾವು ಹುಳದ ಭಯವೂ ಸುಳ್ಳಲ್ಲ. ಆದರೆ ಕೊಟ್ಟಿಗೆಗೆ ಹೋಗಲು ಬೆಳಕು ನೆಲಕ್ಕೆ ಬೀಳಬೇಕೇ ಹೊರತು ಆಕಾಶಕ್ಕಲ್ಲ.

ಲಂಡನ್ನಿನಲ್ಲಿರುವವರಿಗೆ ಈ ಗುಚ್ಛ ಉದಯಿಸುವುದೇ ಇಲ್ಲ. ನ್ಯೂಜೆರ್ಸಿಯಲ್ಲಿ ದಿಗಂತದಿಂದ ಎರಡು ಡಿಗ್ರಿ ಮೇಲೇಳುವುದೂ ಕಷ್ಟ. ಬೇಸಿಗೆಯ ರಜೆಗೆ ಬರುವಾಗ ಕ್ಯಾಮೆರಾ ತನ್ನಿ. ಜೊತೆಗೆ, ಮೇಲೆ ಮುಚ್ಚಳವಿರುವ, ಯಾರಾದರೂ ನಡೆದಾಗ ಮಾತ್ರ ಹೊತ್ತಿಕೊಳ್ಳುವ ಹಳದಿ ಬೆಳಕಿನ ದೀಪವೊಂದನ್ನು ಶಿವಮೊಗ್ಗದಲ್ಲೇ ಕೊಂಡು ಮನೆಗೆ ಬನ್ನಿ.